ಕುಮಟಾದ ಬೆಂಚಿನ ಮೇಲೆ ಹಳದೀಪುರದ ಚೂರಿ

ಕುಮಟಾ ರೈಲ್ವೆ ಸ್ಟೇಷನ್ನಿನಲ್ಲಿ ಪೊಲೀಸರೊಬ್ಬರು ನನ್ನ ಚೀಲ ಬಿಚ್ಚಿಸಿದರು. ಬೆಳಿಗ್ಗೆ ಹಳದೀಪುರದ ಕಮ್ಮಾರನಿಂದ ಕೊಂಡ ಮೀನು ಕೊಯ್ಯುವ ಚೂರಿ ಮೇಲೆಯೇ ಇತ್ತು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಬಡಿದು ಮಾಡಿದ್ದು, ಅಡಿಕೆ ಹಾಳೆಯಲ್ಲಿ ಸುತ್ತಿಕೊಟ್ಟಿದ್ದ. ಊರೂರಿನ ಅಡುಗೆ ಚೂರಿ ಕೂಡಿಡುವುದು ನನ್ನ ಹುಚ್ಚು ಎಂದು ತೊದಲುತ್ತ, ಹಾಳೆ ಬಿಡಿಸಿ ಅದನ್ನು ಅವರತ್ತ ಚಾಚಿದೆ.

ಅವರು ಸರಕ್ಕನೆ ಹಿಂದೆ ಸರಿದರು. "ಕೆಳಗಿಡಿ!"

ಪ್ಲಾಟ್‌ಫಾರ್ಮಿನ ಜನರೆಲ್ಲ ನಮ್ಮತ್ತ ತಿರುಗಿದರು. ಚೂರಿಯೂ ಹೋಯಿತು, ರೈಲೂ ಹೋಯಿತು ಅಂದುಕೊಂಡು ಬೆಂಚಿನ ಮೇಲಿಟ್ಟೆ. ಕೂಡಲೇ ಅವರೇ ಅದನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಅಲಗು ಮುಟ್ಟಿ ನೋಡಿ, "ಚಲೋ ಹರಿತ ಅದೆ" ಎಂದರು. ನನ್ನ ಮುಖ ನೋಡಿ ನಕ್ಕರು. "ಚೂರಿ ಕೈಯಿಂದ ಕೈಗೆ ಕೊಡೂಕಾಗೂದಿಲ್ಲ ಮಾರಾಯ್ರೆ, ಜಗಳ ಆಗ್ತದೆ. ನಂಗೂ ನಿಮಗೂ ಎಂತಕ್ಕೆ ಜಗಳ?"

ನನಗೆ ಹೋದ ಜೀವ ಬಂತು. ಅವರೂ ಅದನ್ನು ಬೆಂಚಿನ ಮೇಲೆಯೇ ಇಟ್ಟರು. ನಾನು ಎತ್ತಿ ಸುತ್ತಿಕೊಂಡೆ.

"ಮನೇಲಿ ಇಂಥಾದ್ದು ಇನ್ನೂ ಅದ್ಯಾ?"

"ಎರಡು ಡ್ರಾಯರ್ ತುಂಬಿದೆ."

"ಹೆಂಡ್ತಿ ಎಂತ ಹೇಳೂದಿಲ್ವಾ?"

ನಾನು ರೈಲು ಬರುವ ದಿಕ್ಕು ನೋಡಿದೆ.

"ಆತು," ಎಂದರು ಪೊಲೀಸರು. "ಇದನ್ನ ಅವರ ಕೈಗೆ ಮಾತ್ರ ಕೊಡಬೇಡಿ. ಕೆಳಗಿಡಿ."