ಖುದ್ದು ಹಾಜರಾಗತಕ್ಕದ್ದು

ಅವರ ಬಲಗೈ ನಡುಬೆರಳಿನ ಗೆಣ್ಣು ಹುಣಸೆಬೀಜದ ಹಾಗೆ ಉಬ್ಬಿ, ಕಪ್ಪಗೆ ಗಟ್ಟಿಯಾಗಿತ್ತು. ಮೂವತ್ತು ವರ್ಷ ಮಂದಿಯ ಬಾಗಿಲು ಬಡಿದೂ ಬಡಿದೂ ಹಾಗಾಯಿತು ಎಂದು ಅವರು ಹೇಳುತ್ತಿದ್ದರು. ಅವರ ಜೊತೆ ಕೇರಂ ಆಡುವವರು ಮಾತ್ರ, ಸೋತಾಗಲೆಲ್ಲ ಬೋರ್ಡಿನ ಕಟ್ಟಿಗೆಗೆ ಗುದ್ದಿ ಬಂದದ್ದು ಎನ್ನುತ್ತಿದ್ದರು. ನಾನು ಎರಡನ್ನೂ ನಂಬಿದ್ದೆ.

ಅವರು ಕೋರ್ಟಿನಲ್ಲಿ ಬೇಲಿಫ್ ಆಗಿದ್ದವರು. ಸಮನ್ಸು, ನೋಟಿಸುಗಳನ್ನು ಚೀಲದಲ್ಲಿ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿ, ಹೆಸರಿದ್ದವರ ಕೈಗೇ ಕೊಟ್ಟು, ಸಹಿ ಹಾಕಿಸಿಕೊಂಡು ಬರುವ ಕೆಲಸ. ನಿವೃತ್ತಿಯಾದ ಮೇಲೆ ರೋಣದ ನಮ್ಮ ಹಳೆಯ ಕ್ಲಬ್ಬಿಗೆ ಸೆಕ್ರೆಟರಿಯಾದರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು.

ನಾನು ಬಸ್ ಕಂಡಕ್ಟರ್. ಗಜೇಂದ್ರಗಡದಿಂದ ಹೊರಟು ನರೇಗಲ್, ರೋಣದ ಮೇಲೆ ನರಗುಂದ ಮುಟ್ಟುವ ಬಸ್ಸು ನನ್ನದು. ನನ್ನದು ಎಂದು ಡ್ರೈವರ್ ಒಪ್ಪುವುದಿಲ್ಲ, ಆ ಮಾತು ಬೇರೆ. ದಿನವಿಡೀ ನಿಂತು ಒದರಿ ಒದರಿ ನನ್ನ ಬಾಯಿ ಸಡಿಲವಾಗಿದೆ. ಬಾಗಿಲಲ್ಲಿ ಜೋತುಬಿದ್ದವರು, ಕೋಳಿಯನ್ನು ಚೀಲದಲ್ಲಿ ಬಚ್ಚಿಟ್ಟು ತಂದವರು, ನಿದ್ದೆ ಬಂದವರಂತೆ ಕಣ್ಣು ಮುಚ್ಚಿ ಸೀಟು ಬಿಡದವರು, ಯಾರನ್ನೂ ನಾನು ಬಿಟ್ಟವಳಲ್ಲ. ನನ್ನ ಬಸ್ಸಿಗೇ ಬರುತ್ತಿದ್ದ ಕಾಕಾ ಹಿಂದಿನ ಬಾಗಿಲ ಪಕ್ಕ ಕೂತು ನನ್ನ ಗಲಾಟೆಯನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಇಳಿಯುವಾಗ ಅಂದರು:

“ಏನ್ ತಂಗಿ, ನೀ ದಿನಾ ನಿಂತಽ ಮಾತಾಡ್ತಿ, ಮಂದೀನೂ ನಗಸ್ತಿ. ಇದಕ್ಕ ನಮ್ಮ ಕ್ಲಬ್ಬಿನ್ಯಾಗ ಹುಡುಗ್ರು ಸ್ಟ್ಯಾಂಡ್-ಅಪ್ ಅಂತಾರ. ಶನಿವಾರ ಸಂಜಿಗೆ ಬಂದು ನೋಡು.”

ಮನೆಯಲ್ಲಿ ಡ್ಯೂಟಿ ಇದೆ ಎಂದು ಸುಳ್ಳು ಹೇಳಿ ಹೋದೆ. ಕ್ಲಬ್ಬಿನ ಸಭೆಯ ಹಾಲು ತಗಡಿನದು. ಇಸ್ಪೀಟಿನ ಮೇಜುಗಳನ್ನು ಗೋಡೆಗೆ ಸರಿಸಿದ್ದರು. ಎರಡು ಮಂಚ ಜೋಡಿಸಿ ಮೇಲೆ ಜಮಖಾನೆ ಹಾಸಿದ್ದೇ ವೇದಿಕೆ. ಮೈಕು ಹಿಡಿದವನು ನರಗುಂದದಲ್ಲಿ ಮೊಬೈಲ್ ರಿಪೇರಿ ಮಾಡುವ ತರುಣ. ಅವನ ಕಾಲು ನಡುಗುತ್ತಿದ್ದುದರಿಂದ ಮಂಚವೂ ಕಿರ್ರೆನ್ನುತ್ತಿತ್ತು, ಜನ ಮೊದಲು ನಕ್ಕಿದ್ದು ಅದಕ್ಕೇ. ಆಮೇಲೆ ಅವನು ರೋಣದ ಹಿಟ್ಟಿನ ಗಿರಣಿಯವರ ಕಥೆ ಶುರುಮಾಡಿದ. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ, ಮಗಳಿಗೆ ವರ ನೋಡಲು ಹೋದಲ್ಲಿ ಗುಟ್ಟಾಗಿ ಹೆಂಡತಿಯ ಕಿವಿಯಲ್ಲಿ “ಹುಡುಗ ಸ್ವಲ್ಪ ಪೆದ್ದ ಕಾಣಸ್ತಾನ” ಎಂದದ್ದು ಓಣಿಯ ಕೊನೆಯ ಮನೆಗೂ ಕೇಳಿಸಿತು ಎಂಬುದು ಕಥೆ. ಹಾಲು ಬಿದ್ದು ಬಿದ್ದು ನಕ್ಕಿತು. ನನಗೆ ಆಶ್ಚರ್ಯವಾದದ್ದು ಬೇರೆ. ಆ ಗಿರಣಿಯವರು ಇಸ್ತ್ರಿ ಅಂಗಿ ತೊಟ್ಟು, ಹೆಂಡತಿ ಮಕ್ಕಳ ಸಮೇತ ಮೊದಲ ಸಾಲಿನಲ್ಲೇ ಕೂತಿದ್ದರು! ನಡುವೆ ಎದ್ದು, ಹಾಲು ಅದುರುವಂತೆ ತಿದ್ದಿದರು:

“ಪೆದ್ದ ಅಂದಿಲ್ಲೋ, ಹುಂಬ ಅಂದಿದ್ದೆ. ಬರೋಬ್ಬರಿ ಹೇಳು!”

ಇನ್ನೊಂದು ವಿಚಿತ್ರ ಕಂಡೆ. ಕಾಕಾ ವೇದಿಕೆಗೆ ಬೆನ್ನು ಮಾಡಿ ಕೂತಿದ್ದರು. ಮಾತಾಡುವವನ ಕಡೆ ಒಮ್ಮೆಯೂ ತಿರುಗಲಿಲ್ಲ. ಅವರ ಕಣ್ಣೆಲ್ಲ ಗಿರಣಿಯವರ ಮುಖದ ಮೇಲೆ. ಅಷ್ಟು ಜನ ಹೊಟ್ಟೆ ಹಿಡಿದುಕೊಂಡು ನಗುವಾಗ ಕಾಕಾ ಮಾತ್ರ ತುಟಿ ಬಿಚ್ಚಲಿಲ್ಲ. ನಗೆಯ ಸಂಜೆ ನಡೆಸುವ ಮನುಷ್ಯ ನಗುವುದಿಲ್ಲವೆಂದರೆ ಏನರ್ಥ ಎಂದು ನನಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಮರುದಿನ ಬಸ್ಸಿನಲ್ಲಿ ಕೇಳಿದೆ. ಅವರು ಕಿಸೆಯಿಂದ ಅಚ್ಚು ಹಾಕಿಸಿದ ಒಂದು ಚೀಟಿ ತೆಗೆದು ಕೊಟ್ಟರು. ಕೋರ್ಟಿನ ಕಾಗದದ ಥರವೇ ಇತ್ತು: ‘ತಮಗೆ ತಿಳಿಯಪಡಿಸುವುದೇನೆಂದರೆ, ಬರುವ ಶನಿವಾರ ಸಂಜೆ ಏಳು ಗಂಟೆಗೆ ಕ್ಲಬ್ಬಿನ ಹಾಲಿನಲ್ಲಿ ತಮ್ಮ ಕುರಿತು ನಗಲಾಗುವುದು. ಸದರಿ ಸಮಯಕ್ಕೆ ತಾವು ಖುದ್ದು ಹಾಜರಾಗತಕ್ಕದ್ದು. ತಾವು ಗೈರುಹಾಜರಾದಲ್ಲಿ ಏಕಪಕ್ಷೀಯವಾಗಿ ನಗಲಾಗುವುದಿಲ್ಲ.’ ಕೆಳಗೆ, ಮುಟ್ಟಿದ್ದಕ್ಕೆ ಸಹಿ.

“ನಮ್ಮ ಕ್ಲಬ್ಬಿನ ಕಾಯ್ದೆ ಇದು,” ಅಂದರು. “ಯಾರ ಮ್ಯಾಲೆ ನಗತೀರಿ, ಅವರ ಮನಿಗೆ ಹೋಗಿ ಕೈಯಾಗ ಕೊಟ್ಟು ಕರೀಬೇಕು. ನಾನೂ ಸಂಗಾಟ ಬರ್ತೇನಿ. ಇಷ್ಟ ವರ್ಷ ಮಂದಿಗೆ ಅಳೂ ಕಾಗದ ಕೊಟ್ಟೇನಿ, ಇನ್ನ ನಗೂ ಕಾಗದ ಕೊಡೂಣು ಅಂತ.”

ಗಿರಣಿಯವರಿಗೆ ಕೊಟ್ಟಾಗ ಅವರು ಚೀಟಿ ಓದಿ, ಎಷ್ಟು ನಿಮಿಷ ಎಂದು ಕೇಳಿದರಂತೆ. ಮೂರು ಎಂದದ್ದಕ್ಕೆ ಮುಖ ಸಣ್ಣದು ಮಾಡಿ, “ನಮ್ಮ ಬೀಗರಿಗೆ ಹೋದ ಸಲ ಐದ್ ನಿಮಿಷ ನಕ್ಕೀರಿ” ಎಂದು ತಕರಾರು ತೆಗೆದರಂತೆ.

ನನಗೂ ಆ ಮಂಚ ಹತ್ತುವ ಆಸೆ ಹುಟ್ಟಿತು. ನನ್ನ ಹತ್ತಿರ ಒಂದು ಕಥೆಯಿತ್ತು. ಬಂಗಾರದಂಥ ಕಥೆ. ನಮ್ಮ ಅತ್ತೆಯವರು ನರೇಗಲ್ಲಿನ ನಮ್ಮ ಮನೆಯಿಂದ ರೋಣದ ಮಗಳ ಮನೆಗೆ ಹೋಗುವಾಗ ನನ್ನ ಬಸ್ಸಿಗೇ ಹತ್ತುತ್ತಾರೆ. ಹತ್ತಿದ ಗಳಿಗೆಯಿಂದ ಬಸ್ಸು ಅವರದು. ನಿಂತವರನ್ನು ಹಿಂದೆ ತಳ್ಳುವುದು, ಬಸುರಿಗೆ ಸೀಟು ಬಿಡಿಸುವುದು, ಬೀಡಿ ಆರಿಸುವುದು, ಎಲ್ಲ ಅವರೇ. ಒಂದು ದಿನ ನರೇಗಲ್ ಸ್ಟ್ಯಾಂಡಿನಲ್ಲಿ ಒಬ್ಬಳು ಮುದುಕಿಯ ಬುಟ್ಟಿ ಇಳಿಸಿಕೊಡಲು ನಾನು ಕೆಳಗಿಳಿದೆ. ಅಷ್ಟರಲ್ಲಿ ಅತ್ತೆಯವರು ಮೇಲಿಂದ ಅಪ್ಪಣೆ ಕೊಟ್ಟರು. ಡ್ರೈವರ್ ಹೊಡೆದುಕೊಂಡು ಹೋಗಿಯೇ ಬಿಟ್ಟ. ಬಸ್ಸು ತನ್ನ ಕಂಡಕ್ಟರನ್ನೇ ಬಿಟ್ಟು ಹೋಯಿತು! ನಾನು ಬಾಯಲ್ಲಿ ಸೀಟಿ ಇಟ್ಟುಕೊಂಡು, ಕುರಿ ತುಂಬಿದ್ದ ಟಂಟಂ ಆಟೋದಲ್ಲಿ ಕೂತು ಬೆನ್ನುಹತ್ತಿ, ಮುಂದಿನ ಊರಲ್ಲಿ ಹಿಡಿದೆ. ಅತ್ತೆಯವರು ಸೆರಗು ಮುಖಕ್ಕೆ ಹಾಕಿಕೊಂಡು ಕೂತಿದ್ದರು. ಅವರು ಮನೆಗೆ ಮರಳಿದ ರಾತ್ರಿ ಊಟಕ್ಕೆ ಕೂತಾಗ, “ಇದನ್ನ ಯಾರ ಮುಂದೂ ಹೇಳಬ್ಯಾಡ” ಎಂದು ಆಣೆ ಹಾಕಿಸಿಕೊಂಡರು.

ಕಾಕಾನ ಮುಂದೆ ಹೇಳಿದೆ. ಪೂರ್ತಿ ಕೇಳಿ, ನಗದೆ, “ಅತ್ತಿ ಮನಿ ನರೇಗಲ್ಲಿನ್ಯಾಗ ಯಾವ ಓಣಿ?” ಅಂದರು.

ಅತ್ತೆಯವರ ಕೈಗೂ ಚೀಟಿ ಕೊಡಬೇಕು ಎಂದಾಯಿತು. ಶನಿವಾರದ ಡ್ಯೂಟಿಯ ಸುಳ್ಳು ಬಯಲಾಗುತ್ತದೆ. ಆಣೆ ಮುರಿದದ್ದೂ ಗೊತ್ತಾಗುತ್ತದೆ. ಅತ್ತೆಯವರು ಬೇಡ ಎಂದರೆ ಮನೆಯಲ್ಲಿ ಆ ಮಾತನ್ನು ದಾಟುವವರಿಲ್ಲ, ನನ್ನ ಕ್ಲಬ್ಬು ಅಲ್ಲಿಗೆ ಮುಗಿದ ಹಾಗೆ. ನಮ್ಮ ಅತ್ತೆ ಅಂತ ಹೇಳುವುದೇ ಇಲ್ಲ, ಯಾರೋ ಒಬ್ಬಳು ಅತ್ತೆ ಅನ್ನುತ್ತೇನೆ ಎಂದು ವಾದಿಸಿದೆ.

“ಯಾರೋ ಅತ್ತಿ ಇಷ್ಟ್ ಖರೇ ಇರೂದಿಲ್ಲ ತಂಗಿ.”

ನನಗೆ ಸಿಟ್ಟು ಬಂತು. ಮನೆಯವರು ಸಿಗದಿದ್ದರೆ ಕಾಗದವನ್ನು ಬಾಗಿಲಿಗೇ ಅಂಟಿಸಿ ಬರುತ್ತಿದ್ದವರಿಗೆ ಈಗ ಯಾಕೆ ಇಷ್ಟು ಮಡಿ ಎಂದು ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ರೋಣದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು, ಡ್ರೈವರ್ ಚಹಕ್ಕೆ ಹೋಗಿದ್ದ. ಖಾಲಿ ಬಸ್ಸಿನಲ್ಲಿ ಕೂತು ಒಂದು ಹಳೆಯ ಸಂಗತಿ ಹೇಳಿದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಗೆ ಬದುವಿನ ವ್ಯಾಜ್ಯದ ಸಮನ್ಸು ಒಯ್ದಿದ್ದರಂತೆ. ಊರ ಹೆಸರು ಅವರು ಹೇಳಲಿಲ್ಲ. ಮನೆಯ ಯಜಮಾನ ಇವರನ್ನು ದೂರದಿಂದ ಕಂಡು, ಅಂಗಳದ ಹಗೇವಿನೊಳಗೆ, ಅಂದರೆ ಜೋಳ ತುಂಬುವ ನೆಲದೊಳಗಿನ ಕುಣಿಯಲ್ಲಿ, ಇಳಿದು ಅಡಗಿದ. ಕುಣಿ ಖಾಲಿಯಿತ್ತು. ಹೆಂಡತಿ ಮೇಲೆ ಹಲಗೆ ಮುಚ್ಚಿದಳು. ಕಾಕಾ ಅದೇ ಹಲಗೆಯ ಮೇಲೆ ಕೂತು ನೀರು ಕೇಳಿದರು, ಮಳೆ ಬೆಳೆ ಮಾತಾಡಿದರು. ಸ್ವಲ್ಪ ಹೊತ್ತಿಗೆ ನೆಲದೊಳಗಿಂದ ಒಂದು ಸೀನು ಬಂತು.

ನಾನು ಜೋರಾಗಿ ನಕ್ಕೆ.

“ಎಲ್ಲಾರೂ ಹಿಂಗಽ ನಕ್ರು,” ಅಂದರು. “ಕೋರ್ಟಿನ ಚಹಾದಂಗಡಿಯೊಳಗ ಹೇಳಿದೆ. ವಕೀಲರು ನಕ್ರು, ಗುಮಾಸ್ತರು ನಕ್ರು. ದಿನಾ ಹೇಳಸ್ತಿದ್ರು. ಕಥಿ ಅಡ್ಡ್ಯಾಡಿಕೋಂತ ಅವನ ಊರಿಗೇ ಹೋತು. ಅವನ ಮನಿ ಮುಂದ ಹಾದು ಹೋಗಾವ್ರೆಲ್ಲ ಸೀನಾಕ ಹತ್ತಿದ್ರು. ಸಣ್ಣ ಹುಡುಗ್ರು ಸುದ್ದಾ. ಅವ ಊರ ಕಟ್ಟಿಗೆ ಕೂಡಾಕ ಬರೂದು ಬಿಟ್ಟ, ಸಂತಿಗೆ ಬರೂದು ಬಿಟ್ಟ. ನನಗೇನ ಗೊತ್ತು? ನಾಕ್ ವರ್ಷದ ಮ್ಯಾಲೆ ಇದಽ ಸ್ಟ್ಯಾಂಡಿನ್ಯಾಗ ಸಿಕ್ಕ. ನಮಸ್ಕಾರ ಮಾಡಿ ಅಂದ: ‘ಸಾಹೇಬ್ರ, ನನ್ನ ಕಥಿ ನೀವು ಭಾಳ ಚಂದ ಹೇಳ್ತೀರಂತ. ಎಲ್ಲಾರೂ ಕೇಳ್ಯಾರ, ನಾನೊಬ್ಬನಽ ಕೇಳಿಲ್ಲ. ಒಮ್ಮೆ ಹೇಳ್ರಿ.’”

“ಹೇಳಿದ್ರೇನು?”

“ಹ್ಯಾಂಗ ಹೇಳ್ಲಿ ತಂಗಿ.”

ಡ್ರೈವರ್ ಬಂದ. ನಾನು ಸೀಟಿ ಊದಿದೆ. ಸಿಟ್ಟು ಇಳಿದಿತ್ತು, ಭಯ ಮಾತ್ರ ಇತ್ತು.

ಮುಂದಿನ ರಜೆಯ ದಿನ ಕಾಕಾನನ್ನು ನರೇಗಲ್ಲಿನ ಮನೆಗೆ ಕರೆದುಕೊಂಡು ಹೋದೆ. ಅತ್ತೆಯವರು ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದರು. ಕಾಕಾನನ್ನು ನೋಡಿದ್ದೇ ಮುಖ ಬಿಳಚಿಕೊಂಡಿತು. ಸುತ್ತಿನ ಹಳ್ಳಿಗಳಲ್ಲಿ ಆ ಮುಖ, ಆ ಚೀಲ ಯಾರಿಗೆ ಗೊತ್ತಿಲ್ಲ? ಚೀಟಿ ಹೊರಗೆ ಬಂದದ್ದೇ ತಡ, ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡರು.

“ನಾವು ಯಾರ ತಂಟೆಗೂ ಹೋದಾವ್ರಲ್ರಿ ಸಾಹೇಬ್ರ!”

“ಕೋರ್ಟಿಂದಲ್ರಿ ಅಕ್ಕಾರ. ಹೆದರಬ್ಯಾಡ್ರಿ. ಇದು ನಿಮ್ಮ ಸೊಸಿ ಕಳಸಿದ್ದು.”

ಅತ್ತೆಯವರಿಗೆ ಓದಲು ಬರುವುದಿಲ್ಲ. ನಾನೇ ಓದಬೇಕಾಯಿತು. ‘ತಮ್ಮ ಕುರಿತು ನಗಲಾಗುವುದು’ ಎಂಬುದನ್ನು ಗಡಿಬಿಡಿಯಲ್ಲಿ ಓದಿ ದಾಟಿದೆ. ಓದಿ ಮುಗಿಸಿದ ಮೇಲೆ ಅತ್ತೆಯವರು ಕೇಳಿದರು:

“ಬಸ್ಸಿಂದಽ ಏನ?”

“ಹೌದ್ರಿ ಅತ್ತಿ.”

“ಶನಿವಾರದ ಡ್ಯೂಟಿನೂ ಇದಽ ಏನ?”

“ಹೌದ್ರಿ.”

“ಹಂಗಾರ ಹೇಳು. ಊರ ಮುಂದ ಹೇಳೂಕಿಂತ ಮೊದಲ ನನ್ನ ಮುಂದ ಹೇಳು. ಈಗಽ.”

ಕಾಕಾ ಕಂಬಕ್ಕೆ ಒರಗಿ ಕೂತರು. ನಾನು ಪಡಸಾಲೆಯ ನಡುವೆ ನಿಂತೆ. ಅದಕ್ಕಿಂತ ಕಷ್ಟದ ಪ್ರಯೋಗ ಆಮೇಲೆ ನಾನು ಮಾಡಿಲ್ಲ. ಬುಟ್ಟಿ, ಮುದುಕಿ, ಕುರಿಗಳ ನಡುವೆ ನಾನು, ಎಲ್ಲ ಹೇಳಿದೆ. ಅತ್ತೆಯವರು “ರೈಟ್! ರೈಟ್!” ಎಂದು ಕೂಗಿದ್ದನ್ನು ಅಭಿನಯಿಸಿ ತೋರಿಸಿದೆ. ಅವರು ನಗಲಿಲ್ಲ.

“ನಾ ರೈಟ್ ಅಂದಿಲ್ಲ. ಅದು ನಿನ್ನ ಮಾತು, ನಾ ಯಾಕ ಆಡ್ಲಿ? ‘ಹೋಗೂಣು ನಡಿಯಪ್ಪಾ’ ಅಂದೆ,” ಎಂದರು. ಆಮೇಲೆ ಶೇಂಗಾದ ಸಿಪ್ಪೆ ಬೆರಳಲ್ಲಿ ಪುಡಿಮಾಡುತ್ತ ಮೆಲ್ಲಗೆ ಹೇಳಿದರು. “ಅರ್ಧಾ ದಾರಿಗೆ ತಿರುಗಿ ನೋಡ್ತೇನಿ, ನೀ ಇಲ್ಲ. ಬಾಗಲದಾಗ ಇದ್ದಾಕಿ ಬಿದ್ದಿ ಅಂತ ತಿಳಕೊಂಡೆ. ಹಿಂದಿನ ಗಾಲಿಗೆ ಸಿಕ್ಕಿ ಅಂತ. ನಿಂದ್ರಸೋ ಅಂತ ಒದರಬೇಕು, ದನಿಯಽ ಹೊರಡವಲ್ದು. ಮಂದಿ, ‘ಬಸ್ ನಿಮ್ದಽ ಐತಲ್ರಿ, ನಡಸ್ರಿ’ ಅಂತ ನಗಾಕತ್ತಿದ್ರು. ಹಿಂದಿನ ಗ್ಲಾಸಿನ್ಯಾಗ ನೋಡಿಕೋಂತ ಬಂದೆ, ರಸ್ತಾದ ಮ್ಯಾಲೆ ಎಲ್ಲಿ ಬಿದ್ದೀ ಅಂತ. ನೀ ಕುರಿ ಗಾಡ್ಯಾಗಿಂದ ಇಳದು ಬಂದಾಗ ಅಳೂ ಬಂತು. ಅದಕ್ಕ ಸೆರಗ ಹಾಕ್ಕೊಂಡಿದ್ದೆ.”

ನಾಚಿಕೆಯಿಂದ ಸೆರಗು ಹಾಕಿಕೊಂಡರು ಎಂದೇ ನಾನು ತಿಳಿದಿದ್ದೆ. ನನ್ನ ಹತ್ತಿರ ಇದ್ದದ್ದು ರಸ್ತೆಯ ಮೇಲಿನ ಅರ್ಧ ಕಥೆ. ಬಸ್ಸಿನೊಳಗಿನ ಅರ್ಧ ಅವರ ಹತ್ತಿರವೇ ಇತ್ತು, ಮತ್ತು ನಾನು ಕೇಳಿರಲೇ ಇಲ್ಲ. ಅವರ ಕಾಲ ಬಳಿ ಕೂತೆ. ಏನು ಹೇಳುವುದೋ ತಿಳಿಯದೆ ಶೇಂಗಾ ಒಡೆಯತೊಡಗಿದೆ.

“ಸಹಿ ಮಾಡೂದಿಲ್ರಿ, ಹೆಬ್ಬಟ್ಟು ಒತ್ತತೇನಿ,” ಎಂದರು ಅತ್ತೆಯವರು. “ಆದ್ರ ನನ್ನ ಅರ್ಧಾ ನಾನಽ ಹೇಳಾಕಿ.”

ಆ ಶನಿವಾರ ಅವರು ಮೊದಲ ಸಾಲಿನಲ್ಲಿ, ಮಗಳನ್ನೂ ಬೀಗರನ್ನೂ ಪಕ್ಕಕ್ಕೆ ಕೂರಿಸಿಕೊಂಡು ಕೂತರು. ಹೇಳಿದಂತೆ ನಡುವೆ ಎದ್ದು ತಮ್ಮ ಪಾಲು ಹೇಳಿದರು, ಮಂಚ ಹತ್ತದೆ, ಮೈಕಿಲ್ಲದೆ. ಅದನ್ನು ಕೇಳಿ ಹಾಲು ನಕ್ಕ ನಗೆ ಬೇರೆಯೇ ಥರ ಇತ್ತು. ಅತ್ತೆಯವರೂ ನಕ್ಕರು. ಕಾಕಾ ನನಗೆ ಬೆನ್ನು ಮಾಡಿ ಅವರನ್ನೇ ನೋಡುತ್ತಿದ್ದರು. ಅಂದಿನಿಂದ ನಾನು ತಿಂಗಳಿಗೊಮ್ಮೆ ಮಂಚ ಹತ್ತುತ್ತೇನೆ, ಸುಳ್ಳು ಹೇಳದೆ. ಚೀಟಿ ಕೊಡಲು ಎಷ್ಟೋ ಬಾಗಿಲಿಗೆ ಕಾಕಾನ ಜೊತೆ ಹೋಗಿದ್ದೇನೆ. ಹೋದಲ್ಲೆಲ್ಲ ನನಗೆ ಗೊತ್ತಿರದ ಅರ್ಧ ಸಿಕ್ಕಿದೆ.

ಹೋದ ಚಳಿಗಾಲ ಕಾಕಾ ತೀರಿಕೊಂಡರು. ಬೆಳಿಗ್ಗೆ ಎದೆನೋವೆಂದರು, ದವಾಖಾನೆ ಮುಟ್ಟಲಿಲ್ಲ.

ಅವರ ಬಗ್ಗೆ ಇದನ್ನು ಬರೆದ ಮೇಲೆ ಹಾಗೇ ಅಚ್ಚಿಗೆ ಕೊಡಲು ಮನಸ್ಸಾಗಲಿಲ್ಲ. ಕೇಳಿ ಒಪ್ಪಲು ಅವರಿಲ್ಲ. ಅವರ ಹೆಂಡತಿ, ನಮ್ಮ ಕಾಕು, ಇದ್ದಾರೆ. ಹೋಗಿ ಅವರ ಮುಂದೆ ಕೂತು ಓದಿದೆ. ಕಾಕಾ ತುಟಿ ಬಿಚ್ಚಲಿಲ್ಲ ಎಂಬಲ್ಲಿ ಕಾಕು ಕೈ ಎತ್ತಿ ತಡೆದರು.

“ಅದು ತಪ್ಪು. ತಗದು ಹಾಕು. ಅಲ್ಲಿ ನಗತಿದ್ದಿಲ್ಲ. ಚೀಟಿ ಇಸಕೊಂಡು ಬಂದಾವ್ರು ನಗೂಕಿಂತ ಮೊದಲ ನಾ ಹ್ಯಾಂಗ ನಗಲಿ ಅಂತಿದ್ರು. ಮನಿಗೆ ಬಂದು ಅಂಗಿ ಕಳದು ಗೂಟಕ್ಕ ಹಾಕಿದ್ರಂದ್ರ ಶುರು. ಎಲ್ಲಾರದೂ ಮಾಡಿ ತೋರಸ್ತಿದ್ರು. ಗಿರಣ್ಯಾವಂದು, ನಿಂದು, ನಿಮ್ಮತ್ತೀದು. ನಕ್ಕು ನಕ್ಕು ಇಬ್ಬರಿಗೂ ಊಟ ಸೇರ್ತಿದ್ದಿಲ್ಲ. ನಿನಗಿಂತ ಚಲೋ ಮಾಡ್ತಿದ್ರು, ಸಿಟ್ಟಾಗಬ್ಯಾಡ.”

ನಾನು ಸಿಟ್ಟಾಗಲಿಲ್ಲ. ಹೇಗೆ ಮಾಡುತ್ತಿದ್ದರು, ತೋರಿಸಿ ಎಂದು ಕಾಡಿದೆ. ಕಾಕು ನಾಚಿಕೊಂಡರು, ಆಮೇಲೆ ಮೊಣಕಾಲು ಹಿಡಿದು ಎದ್ದರು. ಒಂದು ಕೈ ಬಸ್ಸಿನ ಕಂಬಿ ಹಿಡಿದಂತೆ ಮೇಲಕ್ಕೆತ್ತಿ, ಗದ್ದ ಚಾಚಿ, “ಹೋಗೂಣು ನಡಿಯಪ್ಪಾ!” ಎಂದು ಕೂಗಿದರು. ದನಿ ಕಾಕುವಿನದು. ಆದರೆ ಅದರೊಳಗೆ ಕಾಕಾ ಇದ್ದರು, ಕಾಕಾನ ಒಳಗೆ ನಮ್ಮ ಅತ್ತೆ ಇದ್ದರು. ನನಗೆ ನಗು ತಡೆಯಲಾಗಲಿಲ್ಲ.

ಕಾಕು ಎತ್ತಿದ ಕೈ ಎತ್ತಿದಂತೆಯೇ ನಿಂತರು.

“ಮುಂದಿಂದು ನೆನಪಾಗವಲ್ದು,” ಅಂದರು. “ನಾ ಬರೇ ನಗಾಕಿ. ಹೇಳಾವ್ರು ಅವರಿದ್ರಲ್ಲ.”

ಮುಂದಿನದು ನನಗೆ ಗೊತ್ತಿತ್ತು, ಅದು ನನ್ನದೇ ಕಥೆ. ಹೇಳಬೇಕೆಂದು ಎದ್ದು ನಿಂತೆ. ದನಿ ಹೊರಡಲಿಲ್ಲ.