ಸಾಕ್ಷ್ಯಚಿತ್ರದಲ್ಲಿ ಎರಡು ನಿಮಿಷ

ನನಗೆ ಇಂಗ್ಲಿಷ್ ಹಾಡು ಅರ್ಥವಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈಗ ಮಾತಾಡಲು ಹೊರಟಿರುವುದು ಪರದೇಶದ ಒಂದು ರಾಕ್ ಬ್ಯಾಂಡಿನ ವಿಷಯ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮ ಮನೆಯಲ್ಲಿ ತಿಳಿದವರು ಯಾರಾದರೂ ನನ್ನ ತಪ್ಪುಗಳನ್ನು ತಿದ್ದಲು ಕೂರುತ್ತಾರೆ. ನಾಲ್ಕು ಜನ, ಉದ್ದ ಕೂದಲು, ಲೋಕವಿಡೀ ಹೆಸರು, ಕೊನೆಗೆ ಜಗಳ. ಇಷ್ಟು ಗೊತ್ತಿದ್ದರೆ ಸಾಕು. ಅವರ ಮೇಲೆ ಬಂದ ಸಿನಿಮಾ, ಸಾಕ್ಷ್ಯಚಿತ್ರಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ನಾನು ನೋಡಿದ್ದೇನೆ, ಕೆಲವನ್ನು ಮೂರು ಮೂರು ಸಲ. ಶಿವಮೊಗ್ಗದ ರಾಗಿಗುಡ್ಡದ ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಟಿವಿ ಮುಂದೆ ಕೂತರೆ, ಕೆಳಗೆ ಓಡುವ ಅಕ್ಷರಗಳನ್ನು ನಿಲ್ಲಿಸಿ ನಿಲ್ಲಿಸಿ ಓದಿಕೊಂಡು, ಒಂದು ಗಂಟೆಯ ಚಿತ್ರವನ್ನು ಸಂಜೆಯ ಕಾಫಿ ಹೊತ್ತಿಗೆ ಮುಗಿಸುತ್ತೇನೆ. ನನ್ನ ಹೆಂಡತಿ ಗಿರಿಜಾ ಇದನ್ನು ನನ್ನ ಡ್ಯೂಟಿ ಎಂದು ಕರೆಯುತ್ತಾಳೆ. ಕಾರ್ಖಾನೆಯ ಆಫೀಸಿನಲ್ಲಿದ್ದಾಗಲೂ ಇಷ್ಟು ಶ್ರದ್ಧೆಯಿಂದ ಡ್ಯೂಟಿ ಮಾಡಿರಲಿಲ್ಲವೆಂಬುದು ಅವಳ ಅಭಿಪ್ರಾಯ.

ಈ ಚಿತ್ರಗಳೆಲ್ಲ ಒಂದೇ ಅಚ್ಚಿನವು. ಶುರುವಾಗುವುದು ಹೆಚ್ಚಾಗಿ ಒಂದು ಚಿಮಣಿಯಿಂದ. ಹೊಗೆ, ಸೈರನ್, ಸಾಲು ಮನೆಗಳು, ಊಟದ ಡಬ್ಬಿ ಹಿಡಿದು ಶಿಫ್ಟಿಗೆ ಹೋಗುವ ಅಪ್ಪಂದಿರು. ಮೊದಲ ಸಲ ನೋಡಿದಾಗ ನಾನು ಎದ್ದು ಕೂತೆ. ಅಯ್ಯೋ, ಇದು ನಮ್ಮ ಭದ್ರಾವತಿಯ ನ್ಯೂಟೌನ್ ಅಲ್ಲವೇ! ಎಲ್ಲರೂ ಕೋಟು ತೊಟ್ಟಿದ್ದಾರೆ ಅನ್ನುವುದನ್ನು ಬಿಟ್ಟರೆ ನನಗೆ ಬೇರೆ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಂದ ಮುಂದೆ ಒಂದು ಇಕ್ಕಟ್ಟಿನ ಕೋಣೆಯಲ್ಲಿ ಅಭ್ಯಾಸ, ಆಮೇಲೆ ಕಿರುಚುವ ಜನ, ವಿಮಾನ, ದುಡ್ಡು, ಮನಸ್ತಾಪ. ಕಟ್ಟಕಡೆಗೆ ಆ ಹುಡುಗರೇ ಮುದುಕರಾಗಿ ಒಬ್ಬೊಬ್ಬರೇ ಕುರ್ಚಿಯಲ್ಲಿ ಕೂತು ನಡೆದದ್ದನ್ನು ಹೇಳುತ್ತಾರೆ.

ಕನ್ನಡದಲ್ಲಿ ಇದಕ್ಕೆ ಸಾಕ್ಷ್ಯಚಿತ್ರವೆಂದು ಹೆಸರಿಟ್ಟವರು ಯಾರೋ ಕೋರ್ಟು ಕಚೇರಿ ಕಂಡವರೇ ಇರಬೇಕು. ಕುರ್ಚಿಯಲ್ಲಿ ಕೂತವರೆಲ್ಲ ಸಾಕ್ಷಿ ಹೇಳುವವರೇ, ಎಲ್ಲರೂ ತಂತಮ್ಮ ಪರವಾಗಿ. ತಂಡ ಒಡೆದ ಒಂದೇ ಮಧ್ಯಾಹ್ನದ ಬಗ್ಗೆ ಒಬ್ಬ ಅಂದು ಮಳೆ ಬರುತ್ತಿತ್ತು ಅನ್ನುತ್ತಾನೆ, ಇನ್ನೊಬ್ಬ ಬಿಸಿಲಿತ್ತು ಅನ್ನುತ್ತಾನೆ. ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಹೇಳಿ ಹೇಳಿ ಅವರಿಗೇ ಅದು ನಿಜವಾಗಿರುತ್ತದೆ. ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಆದರೆ ನಾನು ಕಾದು ಕೂರುವುದು ಈ ನಾಲ್ವರಿಗಾಗಿ ಅಲ್ಲ. ಚಿತ್ರ ಶುರುವಾದ ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದು ಹೋಗುತ್ತಾನೆ. ಹೆಸರು ಬರುವುದಕ್ಕೆ ಮುಂಚೆ ತಂಡದಲ್ಲಿ ಡ್ರಮ್ಮು ಬಾರಿಸುತ್ತಿದ್ದವನು. ಯಾಕೋ ಸರಿಹೋಗಲಿಲ್ಲ, ಕೈಬಿಟ್ಟರು, ಬೇರೆಯವನು ಬಂದ. ಅವನಿಗೆ ಎರಡು ನಿಮಿಷ, ಬಹಳ ಉದಾರಿಯಾದ ನಿರ್ದೇಶಕನಾದರೆ ಮೂರು. ಒಂದು ಚಿತ್ರದಲ್ಲಂತೂ ಅವನನ್ನು ಅವನ ಅಡುಗೆಮನೆಯಲ್ಲೇ ಕೂರಿಸಿ ಕೇಳಿದ್ದಾರೆ: ನಿಮಗೆ ಬೇಜಾರಿದೆಯೇ? ಮುದುಕ ಮೇಜಿನ ಮೇಲೆ ಬೆರಳಾಡಿಸಿದ, ಬಾಯಿ ತೆರೆದ. ಅಷ್ಟರಲ್ಲಿ ಚಿತ್ರ ಕತ್ತರಿಸಿ ಕಿರುಚುವ ಹುಡುಗಿಯರನ್ನು ತೋರಿಸಿಬಿಟ್ಟರು. ನಾನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಏಳೆಂಟು ಸಲ ನೋಡಿದೆ. ಪ್ರತಿ ಸಲವೂ ಬಾಯಿ ತೆರೆದ, ಪ್ರತಿ ಸಲವೂ ಹುಡುಗಿಯರು ಕಿರುಚಿದರು.

ನನಗೂ ಒಂದು ತಂಡವಿತ್ತು. ನಗಬೇಡಿ. ಭದ್ರಾವತಿಯ ನಮ್ಮ ಆರ್ಕೆಸ್ಟ್ರಾ ಆ ಕಾಲದಲ್ಲಿ ಗಣಪತಿ ಹಬ್ಬದಿಂದ ರಾಜ್ಯೋತ್ಸವದವರೆಗೆ ಬಿಡುವಿಲ್ಲದೆ ಓಡಾಡುತ್ತಿತ್ತು. ನಾನು ಹಾಡುತ್ತಿರಲಿಲ್ಲ, ಬಾರಿಸುತ್ತಿರಲಿಲ್ಲ. ಮೈಕು ಹಿಡಿದು ಮಾತಾಡುತ್ತಿದ್ದೆ. ಹಾಡಿಗೂ ಹಾಡಿಗೂ ನಡುವೆ ಎರಡು ಜೋಕು, ಕಮಿಟಿಯವರಿಗೆ ವಂದನೆ, ಚಪ್ಪಾಳೆಗೆ ವಿನಂತಿ. ಸಂಗೀತ ಬಾರದವನಿಗೆ ತಂಡದಲ್ಲಿ ಸಿಗುವ ಕೆಲಸ ಇದೊಂದೇ, ಅದಕ್ಕೇ ಬಿಗುಮಾನವೂ ಹೆಚ್ಚು. ಢೋಲಕ್ ಬಾರಿಸುತ್ತಿದ್ದವನು ಬಾಷಾ. ಹಳೇ ಊರಿನವನು, ಅವರಪ್ಪನ ಕುಶನ್ ಅಂಗಡಿಯಲ್ಲಿ ಕೆಲಸ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಎಲ್ಲೋ ಹಳೆಯ ಕ್ಯಾಸೆಟ್ಟು ಕೊಂಡು ತಂದು, ಆ ಪರದೇಶದ ನಾಲ್ವರನ್ನು ನನಗೆ ಪರಿಚಯ ಮಾಡಿಸಿದವನೇ ಅವನು. "ಹಾಡು ಬಿಡು ಮಾರಾಯ, ಹಿಂದೆ ಹೆಂಗೆ ಹೊಡೀತಾವ್ನೆ ಕೇಳು" ಅನ್ನುತ್ತಿದ್ದ. ಯಕ್ಷಗಾನದಲ್ಲಿ ಮದ್ದಳೆಯವರಿಗೆ ಹಿಮ್ಮೇಳವೆಂದು ಹೆಸರಿದ್ದರೂ ನಾಲ್ಕು ಜನಕ್ಕೆ ಕಾಣುವಂತೆ ಕೂರಿಸುತ್ತಾರೆ. ನಾವು ಬಾಷಾನನ್ನು ಸ್ಪೀಕರ್ ಬಾಕ್ಸಿನ ಮರೆಯಲ್ಲಿ ಕೂರಿಸುತ್ತಿದ್ದೆವು.

ಕಾರ್ಯಕ್ರಮವಿದ್ದ ದಿನ ವ್ಯಾನ್ ಊರೆಲ್ಲ ಸುತ್ತಿ ಒಬ್ಬೊಬ್ಬರನ್ನು ಅವರವರ ಮೂಲೆಯಲ್ಲಿ ಹತ್ತಿಸಿಕೊಳ್ಳುತ್ತಿತ್ತು. ಸೆಲ್ವಂ ಎಂಬ ತಮಿಳಿನವರು ಡ್ರೈವರ್. ಅವರ ಪಕ್ಕದ ಸೀಟು ನನ್ನದು. ಕೀಬೋರ್ಡಿನವನು ನ್ಯೂಟೌನ್ ಗೇಟಿನಲ್ಲಿ, ಹಾಡುವ ಅಕ್ಕ ಶಾಲೆಯ ಮುಂದೆ, ಬಾಷಾ ಹಳೇ ಸೇತುವೆಯ ತುದಿಯಲ್ಲಿ. ಯಾರನ್ನೂ ಕರೆಯಬೇಕಾಗಿರಲಿಲ್ಲ. ವ್ಯಾನ್ ನಿಂತರೆ ನೀನು ತಂಡದಲ್ಲಿದ್ದೀಯ. ಹಾಗೆಯೇ, ಯಾರನ್ನಾದರೂ ಬಿಡಬೇಕೆಂದರೆ ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮ ಆರ್ಕೆಸ್ಟ್ರಾಗಳಲ್ಲಿ ಇರಲಿಲ್ಲ. ವ್ಯಾನ್ ಆ ಮೂಲೆಗೆ ಹೋಗುತ್ತಿರಲಿಲ್ಲ, ಅಷ್ಟೇ.

ಒಂದು ವರ್ಷ ನಮ್ಮ ಕೀಬೋರ್ಡಿನವನು ರಿದಂ ಪ್ಯಾಡ್ ತಂದ. ಒಂದು ಗುಂಡಿ ಒತ್ತಿದರೆ ಡ್ರಮ್ಮು, ಇನ್ನೊಂದು ಒತ್ತಿದರೆ ಢೋಲಕ್. ಅದಕ್ಕೆ ಊಟ ಬೇಡ, ವ್ಯಾನಿನಲ್ಲಿ ಜಾಗ ಬೇಡ. ಬಾಷಾನಿಗೆ ಹೇಳುವವರು ಯಾರು ಎಂಬ ಮಾತು ಬಂತು. ಮಾತಾಡುವುದೇ ನಿನ್ನ ಕೆಲಸವಲ್ಲವೇನೋ, ನೀನೇ ಹೇಳು ಅಂದರು. ನಾನು ಹೂಂ ಅಂದೆ. ಹೇಳಲಿಲ್ಲ. ತರೀಕೆರೆಯ ಗಣಪತಿ ಕಾರ್ಯಕ್ರಮದ ದಿನ ವ್ಯಾನ್ ಹೊರಟು ತಿರುವಿಗೆ ಬಂದಾಗ ಸೆಲ್ವಂ ರೂಢಿಯಂತೆ ಹಳೇ ಸೇತುವೆ ಕಡೆ ಸ್ಟೇರಿಂಗ್ ತಿರುಗಿಸಿದರು. "ಹೊಸ ಸೇತುವೆ ಮೇಲೆ ಹೋಗಿ ಸೆಲ್ವಂ" ಅಂದೆ. ಅವರು ನನ್ನ ಮುಖ ನೋಡಿದರು, ಸ್ಟೇರಿಂಗ್ ಮತ್ತೆ ನೇರ ಮಾಡಿದರು. ಆ ಸಂಜೆ ನನ್ನ ಜೋಕುಗಳಿಗೆ ಜನ ಚೆನ್ನಾಗಿ ನಕ್ಕರು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಾಷಾ ಯಾಕೆ ಬರಲಿಲ್ಲ ಎಂದು ಜನ ಕೇಳಿದಾಗ ನಾನು "ಸೆಲ್ವಂ ಮರೆತುಬಿಟ್ಟರು ಕಣ್ರೀ" ಅಂದೆ. ಒಂದು ಸಲ ಅಂದದ್ದು ಹತ್ತು ಸಲವಾಯಿತು. ಈಗ ಮೂವತ್ತು ವರ್ಷದ ಮೇಲಾಯಿತು. ಅಷ್ಟು ವರ್ಷದಲ್ಲಿ ಬಾಷಾ ಒಮ್ಮೆ ಶಿವಮೊಗ್ಗದ ಬಸ್ಸಿನಲ್ಲಿ ಕಂಡಿದ್ದ. ನಾನು ಪೇಪರು ಎತ್ತಿ ಮುಖ ಮುಚ್ಚಿಕೊಂಡು ಭದ್ರಾವತಿಯವರೆಗೆ ಜಾಹೀರಾತು ಓದಿದೆ. ಹೋದ ತಿಂಗಳು ಸೆಲ್ವಂ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಲ್ಲಿ ಯಾರೋ ನಕ್ಕು, "ಪಾಪ, ಬಾಷಾನ್ನ ಮರೆತು ಹೋಗಿದ್ರಲ್ಲ, ಅದೇ ಸೆಲ್ವಂ" ಅಂದರು. ನಾನು ಬಿತ್ತಿದ ಸುಳ್ಳು ಆ ಮನುಷ್ಯನ ಹೆಣದ ಪಕ್ಕದಲ್ಲಿ ನಿಂತು ನಗುತ್ತಿತ್ತು. ಅಲ್ಲ ಎಂದು ಹೇಳಲು ಆಗಲೂ ನನಗೆ ಬಾಯಿ ಬರಲಿಲ್ಲ.

ಆ ಅಡುಗೆಮನೆಯ ಮುದುಕನನ್ನು ಹಿಂದಕ್ಕೆ ಓಡಿಸಿ ನೋಡುತ್ತಿದ್ದದ್ದು ಅದರ ಮಾರನೆಯ ದಿನವೇ. ಗಿರಿಜಾ ಸೊಪ್ಪು ಸೋಸುತ್ತ ಕೂತಿದ್ದಳು. ಅವಳಿಗೆ ಎಲ್ಲ ಗೊತ್ತು.

"ಅಲ್ರೀ, ಆ ಮುದುಕನ ಬಾಯಿಂದ ಏನ್ ಬರತ್ತೆ ಅಂತ ಅಷ್ಟು ಸಲ ನೋಡ್ತೀರಿ? ಬಾಷಾ ಮಾಚೇನಹಳ್ಳೀಲಿ ಲಾರಿ ಸೀಟು ಹೊಲೀತಾ ಕೂತಿದ್ದಾನೆ. ಅರ್ಧ ಗಂಟೆ ದಾರಿ. ಹೋಗಿ ಅವನ್ನೇ ಕೇಳಿ" ಅಂದಳು. "ಸ್ಕೂಟರ್ ಸೀಟು ಹರಿದಿದೆಯಲ್ಲ, ಹೊಲಿಸ್ಕೊಂಡಾದ್ರೂ ಬನ್ನಿ" ಎಂದು ಸೇರಿಸಿದಳು. ಹೇಡಿಗೆ ಒಂದು ನೆಪ ಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಮಾಚೇನಹಳ್ಳಿಯಲ್ಲಿ ಸಾಲಾಗಿ ವರ್ಕ್‌ಶಾಪುಗಳು. ಬಾಷಾನ ಶೆಡ್ಡಿನ ಮುಂದೆ ಲಾರಿಯ ಸೀಟೊಂದು ಬೋರಲಾಗಿ ಬಿದ್ದಿತ್ತು. ಅವನ ಗಡ್ಡ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ, ಸ್ಕೂಟರ್ ನೋಡಿ, ಮತ್ತೆ ನನ್ನನ್ನು ನೋಡಿದ.

"ಏನ್ ಮಾರಾಯ, ಶಿವಮೊಗ್ಗದಲ್ಲಿ ಸೀಟು ಹೊಲಿಯೋರು ಯಾರೂ ಇಲ್ವಾ?"

ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡು ಬಂದಿದ್ದ ಪೀಠಿಕೆಯೆಲ್ಲ ಮರೆತುಹೋಯಿತು. "ಬಾಷಾ, ಅವತ್ತು ಸೆಲ್ವಂ ಮರೀಲಿಲ್ಲ. ಹೊಸ ಸೇತುವೆ ಮೇಲೆ ಹೋಗಿ ಅಂದಿದ್ದು ನಾನು. ನಿಂಗೆ ಹೇಳೋ ಧೈರ್ಯ ಇರ್ಲಿಲ್ಲ" ಅಂದೆ.

ಅವನು ಸುತ್ತಿಗೆ ಕೆಳಗಿಟ್ಟ. "ಗೊತ್ತು" ಅಂದ.

"ಸೆಲ್ವಂ ಹೇಳಿದ್ರಾ?"

"ಮಾರನೇ ದಿನ ಬೆಳಿಗ್ಗೇನೇ ಮನೆ ಹತ್ರ ಬಂದಿದ್ರು. ನಿನ್ ಹೆಸರು ಹೇಳ್ಲಿಲ್ಲ. ಮುಂದಿನ ಸೀಟಿಂದ ಹೇಳಿದ್ರು, ತಿರುಗಿಸ್ದೆ, ತಪ್ಪಾಯ್ತು ಅಂದ್ರು. ಮುಂದಿನ ಸೀಟಲ್ಲಿ ಯಾರು ಕೂರ್ತಿದ್ರು ಅಂತ ನಂಗೆ ಗೊತ್ತಿಲ್ವಾ?"

ನಾನು ಹೊರಿಸಿದ ಸುಳ್ಳನ್ನು ಆ ಮನುಷ್ಯ ಮೂವತ್ತು ವರ್ಷ ಹೊತ್ತಿದ್ದರು, ಒಂದು ಸಲವೂ ನನ್ನ ಮುಂದೆ ಇಳಿಸಿರಲಿಲ್ಲ. ಅಲ್ಲೇ ಇದ್ದ ಎಣ್ಣೆ ಡ್ರಮ್ಮಿನ ಮೇಲೆ ಕೂತೆ. ಬಾಷಾ ದಾರ ಕಡಿಯುತ್ತ ತನ್ನ ಪಾಡಿಗೆ ಮಾತಾಡಿದ.

"ಕತ್ತಲಾಗೋವರೆಗೂ ನಿಂತಿದ್ದೆ ಸೇತುವೆ ಹತ್ರ. ವ್ಯಾನ್ ಬರ್ಲಿಲ್ಲ. ಬಿಟ್ಟು ಹೋದ್ರು ಅಂತ ತಲೇಗೇ ಬರ್ಲಿಲ್ಲ ನೋಡು. ಏನೋ ಆಕ್ಸಿಡೆಂಟ್ ಆಗಿರ್ಬೇಕು ಅಂದ್ಕೊಂಡೆ. ಢೋಲಕ್ ಹೆಗಲಿಗೆ ಹಾಕ್ಕೊಂಡು ಆಸ್ಪತ್ರೆಗೆ ಹೋದೆ. ವ್ಯಾನಿನೋರು ಯಾರಾದ್ರೂ ಬಂದವ್ರಾ ಅಂತ ವಾರ್ಡೆಲ್ಲಾ ಕೇಳ್ಕೊಂಡು ಬಂದೆ. ನಿನ್ ಹೆಸರೇ ಮೊದ್ಲು ಕೇಳಿದ್ದು, ಮುಂದೆ ಕೂರೋನಲ್ವಾ, ಪೆಟ್ಟಾಗೋದು ಮೊದ್ಲು ಅವನಿಗೇ ಅಂತ."

ಬಾಷಾ ಸೂಜಿಗೆ ಇನ್ನೊಂದು ದಾರ ಪೋಣಿಸಿಕೊಂಡ.

"ಬೆಳಿಗ್ಗೆ ಸೆಲ್ವಂ ಬಂದಾಗ ಖುಷಿ ಆಯ್ತು, ಎಲ್ಲಾ ಚೆನ್ನಾಗವ್ರೆ ಅಂತ. ಬೇಜಾರಾಗಿದ್ದು ಆಮೇಲೆ" ಅಂದ.

ಅಷ್ಟೊಂದು ಚಿತ್ರ ನೋಡಿದ್ದೇನಲ್ಲ, ಒಂದರಲ್ಲೂ ಇದು ಇರಲಿಲ್ಲ. ಕ್ಯಾಮೆರಾ ಯಾವಾಗಲೂ ವ್ಯಾನಿನೊಳಗೆ ಕೂತಿರುತ್ತದೆ, ನಗುವವರ ಜೊತೆ. ಕಾದು ನಿಂತವನು ಅವಮಾನದಿಂದ ಹಲ್ಲು ಕಡಿಯುತ್ತಿರಬೇಕು ಎಂದು ನಾನೂ ಒಳಗೆ ಕೂತೇ ಊಹಿಸಿಕೊಂಡಿದ್ದೆ. ಅವನು ನಮ್ಮ ಜೀವಕ್ಕೆ ಹೆದರಿ ಓಡಾಡುತ್ತಿದ್ದ. ಅವನ ಸಿಟ್ಟಿಗೆ ನಾನು ಸಿದ್ಧನಾಗಿ ಬಂದಿದ್ದೆ, ಇದಕ್ಕೆ ಸಿದ್ಧನಾಗಿರಲಿಲ್ಲ. ಕಣ್ಣು ತುಂಬಿತು, ಒರೆಸಿಕೊಳ್ಳಲೂ ನಾಚಿಕೆಯಾಯಿತು.

"ತಪ್ಪಾಯ್ತು ಬಾಷಾ" ಅಂದೆ.

ಪರವಾಗಿಲ್ಲ ಎಂದು ಅವನು ಹೇಳಲಿಲ್ಲ. ಹೇಳಬೇಕೆಂದು ನಾನು ಕೇಳುವ ಹಾಗೂ ಇರಲಿಲ್ಲ. ಆಮೇಲೆ ಎದ್ದು, ಬೋರಲಾಗಿದ್ದ ಸೀಟಿನ ಅಡಿಗೆ ಹೊಸ ರೆಕ್ಸಿನ್ ಹಾಸಿ, ಅದರ ಒಂದು ತುದಿಯನ್ನು ನನ್ನ ಕಡೆ ಚಾಚಿದ.

"ಬಾ, ಇದನ್ನ ಎಳೆದು ಹಿಡ್ಕೋ. ಸಡಿಲ ಬಿಟ್ರೆ ಸುಕ್ಕು ಬೀಳತ್ತೆ."

ಹಿಡಿದೆ. ಅವನು ಆ ಮೂಲೆಯಿಂದ ಮೊಳೆ ಹೊಡೆಯುತ್ತ ಬಂದ. ಲಾರಿಯ ಸೀಟೆಂದರೆ ಸಣ್ಣದಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಬೆರಳು ಮರಗಟ್ಟಿದವು, ತೋಳು ನಡುಗತೊಡಗಿತು. ಅವನು ತಲೆ ಎತ್ತದೆ, "ಸಾಕಾದ್ರೆ ಹೇಳು" ಅಂದ.

ನಾನು ಹೇಳಲಿಲ್ಲ.