ಪಾಚಿ ಕಟ್ಟಿದ ತೊಟ್ಟಿಗೆ ಅಳತೆಯ ಬೆಳಕು

ಬೆಳಗಿನ ಆರು ಗಂಟೆ. ಡಯಾಲಿಸಿಸ್ ಕೇಂದ್ರದ ಕಾಯುವ ಕೋಣೆಯಲ್ಲಿ ಕಾವಲುಗಾರ ಇನ್ನೂ ಕುರ್ಚಿ ಒರೆಸುತ್ತಿದ್ದಾನೆ. ಮೂಲೆಯಲ್ಲಿ ಒಬ್ಬ ಹೆಂಗಸು ಎರಡಡಿ ಉದ್ದದ ಮೀನಿನ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಪಾಚಿಯ ಎಳೆಗಳನ್ನು ನೂಲಿನಂತೆ ಸುತ್ತಿ ತೆಗೆಯುತ್ತಿದ್ದಾರೆ. ನಡುವೆ ಸೊಂಟ ಹಿಡಿದುಕೊಂಡು ಗೋಡೆಗೆ ಒರಗುತ್ತಾರೆ.

"ನೀರಿಗೆ ವಯಸ್ಸಾಗಲ್ಲ ನೋಡಿ, ಬಕೆಟ್ ಎತ್ತೋರಿಗೆ ಆಗುತ್ತೆ."

ಐವತ್ತಾರರ ಇವರನ್ನು ಎಲ್ಲರೂ ಕರೆಯುವುದು 'ಮೀನಕ್ಕ' ಎಂದು. ಕ್ಲಿನಿಕ್ಕು, ಕಚೇರಿ, ಒಂದೆರಡು ಮನೆ ಸೇರಿ ನೀರೊಳಗೆ ಗಿಡ ಬೆಳೆಸುವ ಹದಿನಾಲ್ಕು ಮೀನಿನ ತೊಟ್ಟಿಗಳು ಇವರ ಪಾಲನೆಯಲ್ಲಿವೆ. ದಿನಕ್ಕೆ ಮೂರು ತೊಟ್ಟಿ, ಹನ್ನೆರಡು ಬಕೆಟ್ ನೀರು. ಬೆರಳ ಸಂದುಗಳು ಸದಾ ಬಿರಿದಿರುತ್ತವೆ.

ಮೊದಲು ಹತ್ತೊಂಬತ್ತು ವರ್ಷ ಟ್ಯೂಬ್‌ಲೈಟ್ ಕಾರ್ಖಾನೆಯಲ್ಲಿದ್ದರು. ಉರಿಯುವ ಟ್ಯೂಬುಗಳ ಸಾಲಿನ ಮುಂದೆ ನಿಂತು ಮಿಣುಕುವುದನ್ನು ಆರಿಸಿ ತೆಗೆಯುವುದೇ ಕೆಲಸ. ಎಲ್‌ಇಡಿ ಬಂತು, ಕಾರ್ಖಾನೆ ಬಾಗಿಲು ಹಾಕಿತು. ಗಂಡ ಆಗಲೇ ತೀರಿಕೊಂಡಿದ್ದರು, ಮಗಳು ಇನ್ನೂ ಶಾಲೆಯಲ್ಲಿದ್ದಳು. ಮೀನಿನಂಗಡಿಯೊಂದರಲ್ಲಿ ಗಾಜು ಒರೆಸಲು ಸೇರಿಕೊಂಡರು. ಗಿರಾಕಿಗಳು ಕಣ್ಣು ಕೋರೈಸುವ ದೀಪ ಒಯ್ದು, ತಿಂಗಳೊಳಗೆ ಸತ್ತ ಗಿಡ ಹಿಡಿದು ಬರುವುದನ್ನು ನೋಡಿ ನೋಡಿ, ಗಿಡಕ್ಕೆ ಇಷ್ಟು ಬೆಳಕು ಬೇಡ ಎಂದು ಒಂದು ದಿನ ಬಾಯಿಬಿಟ್ಟರು. ಅಲ್ಲಿಂದ ಶುರುವಾಯಿತು ಈ ಕಸುಬು.

"ನನ್ನ ಅನ್ನ ಕಿತ್ಕೊಂಡಿದ್ದೂ ಎಲ್‌ಇಡಿನೇ, ಈಗ ಹಾಕ್ತಿರೋದೂ ಎಲ್‌ಇಡಿನೇ. ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ ಹೇಳಿ?"

ಈ ಕೇಂದ್ರದ ತೊಟ್ಟಿಯದೂ ಅದೇ ಕತೆ. ವೈದ್ಯರು ಆಸೆಪಟ್ಟು ಅಂಗಡಿಯಲ್ಲಿದ್ದ ಅತಿ ಪ್ರಖರ ದೀಪ ತಂದು ದಿನಕ್ಕೆ ಹದಿಮೂರು ಗಂಟೆ ಉರಿಸಿದರು. ನೀರು ಹಸಿರಾಯಿತು, ಗಿಡಗಳ ಮೇಲೆ ಪಾಚಿ ಕೂದಲಿನಂತೆ ಬೆಳೆಯಿತು. ತೊಟ್ಟಿಯನ್ನೇ ತೆಗೆದುಬಿಡಿ ಎಂದರು. ಅಡ್ಡಬಂದದ್ದು ವಾರಕ್ಕೆ ಮೂರು ದಿನ ಚಿಕಿತ್ಸೆಗೆ ಬರುವ ನಿವೃತ್ತ ಬಸ್ ಚಾಲಕ. "ಇಲ್ಲಿ ನಮ್ಮನ್ನ ನೋಡಿ 'ಅಯ್ಯೋ ಪಾಪ' ಅನ್ನದೇ ಇರೋದು ಆ ಮೀನುಗಳು ಮಾತ್ರ. ಅವನ್ನೂ ಕಳಿಸಿಬಿಡ್ತೀರಾ ಡಾಕ್ಟ್ರೇ?"

ವೈದ್ಯರು ಕರೆಸಿದಾಗ ಮೀನಕ್ಕ ಮೂರು ವಾರ ಗಡುವು ಕೇಳಿದರು. ಬೆಳಕು ಹೆಚ್ಚು ಕಡಿಮೆ ಮಾಡಬಹುದಾದ, ಹಗಲಿನಂಥ ಬಿಳಿ ಬೆಳಕಿನ ಸಣ್ಣ ಎಲ್‌ಇಡಿ ಆರಿಸಿದರು. "ಡಬ್ಬಿ ಮೇಲಿನ ವ್ಯಾಟು ಕರೆಂಟ್ ಬಿಲ್ಲಿಗೆ, ಗಿಡಕ್ಕಲ್ಲ. ಲುಮೆನ್ ಎಷ್ಟಿದೆ, ಅಂದ್ರೆ ದೀಪ ಎಷ್ಟು ಬೆಳಕು ಚೆಲ್ಲುತ್ತೆ ಅಂತ ನೋಡ್ಬೇಕು. ಇಂಥ ಬಡಪಾಯಿ ಗಿಡಕ್ಕೆ ಲೀಟರಿಗೆ ಇಪ್ಪತ್ತು ಲುಮೆನ್ ಸಾಕು. ಹಸಿವು ಇದ್ದಷ್ಟೇ ಬಡಿಸ್ಬೇಕು. ಮಿಕ್ಕಿದ್ದನ್ನ ಪಾಚಿ ತಿನ್ನುತ್ತೆ." ದೀಪವನ್ನು ನೀರಿನಿಂದ ಒಂದು ಗೇಣು ಮೇಲೆತ್ತಿ, ದಿನಕ್ಕೆ ಆರೇ ಗಂಟೆ ಉರಿಯುವಂತೆ ಟೈಮರ್ ಜೋಡಿಸಿದರು.

ಮೊದಲ ವಾರ ಹಳೆಯ ಎಲೆಗಳು ಕೊಳೆತವು. ಎರಡನೆಯ ವಾರ ಒಂದು ಮೀನು ಸತ್ತಿತು. "ಇನ್ನೇನು ನೋಡೋದಿದೆ?" ಎಂದರು ವೈದ್ಯರು. ಮೀನಕ್ಕ ಮಾತ್ರ ಮೊದಲ ಬಸ್ಸಿಗೂ ಮುಂಚೆ ಎರಡು ಮೈಲಿ ನಡೆದು ಬಂದು ದಿನಾ ಪಾಚಿ ತೆಗೆದರು. "ದಾರೀಲಿ ಎಷ್ಟೋ ಸಲ ಅನ್ಕೊಂಡೆ, ಸಾಕಪ್ಪಾ, ತಿರುಗಿ ಹೋಗೋಣ ಅಂತ. ಆದ್ರೆ ಆ ಡ್ರೈವರಣ್ಣನ ಮುಖ ನೆನಪಾಗೋದು."

ಹತ್ತೊಂಬತ್ತನೆಯ ದಿನ ಕಲ್ಲಿಗೆ ಕಟ್ಟಿದ್ದ ಜರೀಗಿಡದ ಬುಡದಲ್ಲಿ ಉಗುರಿನಷ್ಟು ಹೊಸ ಎಲೆ ಸುರುಳಿ ಬಿಚ್ಚಿತ್ತು. ಅದನ್ನು ವೈದ್ಯರಿಗೆ ತೋರಿಸಿದ್ದು ಚಾಲಕರೇ. ತೊಟ್ಟಿ ಉಳಿಯಿತು. ಇಂದು ತೆಗೆಯುತ್ತಿರುವುದು ಗಾಜಿನಂಚಿಗೆ ಉಳಿದ ಕೊನೆಯ ಎಳೆಗಳು.

ಮೀನಕ್ಕನ ಮನೆಯಲ್ಲಿ ಮಾತ್ರ ಒಂದೂ ತೊಟ್ಟಿ ಇಲ್ಲ. ಯಾಕೆ ಎಂದರೆ ನಗುತ್ತಾರೆ. "ಮನೆಗೆ ಹೋದ್ಮೇಲೂ ಕೆಲಸ ಮಾಡು ಅಂತೀರಾ?"

ಆಸೆಯೇನಾದರೂ ಇದೆಯೇ ಎಂದು ಕೇಳುತ್ತೇನೆ. ಒದ್ದೆ ತೋಳನ್ನು ಸೆರಗಿನಲ್ಲಿ ಒರೆಸುತ್ತ ತೊಟ್ಟಿಯ ಮೇಲಿನ ಆರಿದ ದೀಪದತ್ತ ನೋಡುತ್ತಾರೆ.

"ಇಲ್ಲಿ ದೀಪ ಹತ್ತೋದು ಹತ್ತು ಗಂಟೆಗೆ. ಅಷ್ಟೊತ್ತಿಗೆ ನಾನು ಇನ್ನೊಂದ್ ಕಡೆ ಬಕೆಟ್ ಹಿಡ್ಕೊಂಡಿರ್ತೀನಿ. ಒಂದು ದಿನ, ಒಂದೇ ದಿನ, ಕೈ ಒದ್ದೆ ಮಾಡ್ಕೊಳ್ದೆ ಆ ಕುರ್ಚಿ ಮೇಲೆ ಕೂತು ಈ ತೊಟ್ಟಿ ನೋಡ್ಬೇಕು. ಎಲ್ರ ಹಾಗೆ."